ಕೀಲಿ ಹಿಡಿದು ಬರುವ ಕಳ್ಳ

ಕೇಳುಗರೇ, ನಮಸ್ಕಾರ. ಸಂಘದಲ್ಲೋ ಶಾಲೆಯಲ್ಲೋ ಸಣ್ಣ ಕಚೇರಿಯಲ್ಲೋ ಕಂಪ್ಯೂಟರ್ ನೋಡಿಕೊಳ್ಳುವ ಕೆಲಸ ನಿಮ್ಮ ತಲೆಗೆ ಬಿದ್ದಿದೆಯಾ? ಇವತ್ತಿನ ಮಾತು ನಿಮಗೇ. ಲಾಗಿನ್ ದಾಖಲೆ, ಅಂದರೆ ಯಾರು, ಯಾವಾಗ, ಎಲ್ಲಿಂದ ಒಳಗೆ ಬಂದರು ಎಂಬ ಪಟ್ಟಿ, ಅದನ್ನು ಓದಿ, ಅಷ್ಟೇ. ಈಗಿನ ಕಳ್ಳ ಬೀಗ ಒಡೆಯುವುದಿಲ್ಲ. ನಿಮ್ಮದೇ ಪಾಸ್‌ವರ್ಡ್ ಎಂಬ ಕೀಲಿ ತಂದು ಬಾಗಿಲು ತೆಗೆಯುತ್ತಾನೆ.

ಕೆಲವು ವರ್ಷದ ಹಿಂದೆ ಮಲೆನಾಡಿನ ಒಂದು ಸಹಕಾರ ಸಂಘದಿಂದ ಫೋನ್ ಬಂತು. "ಸಾರ್, ನಮ್ಮ ಮೇಲ್‌ನಿಂದ ಅಡಿಕೆ ವ್ಯಾಪಾರಿಗಳಿಗೆ ಯಾರೋ ಬೇರೆ ಖಾತೆ ನಂಬರ್ ಕಳಿಸ್ತಿದ್ದಾರೆ. ಪಾಸ್‌ವರ್ಡ್ ಎರಡು ಸಲ ಬದಲಾಯಿಸಿದ್ವಿ, ನಿಲ್ತಾನೇ ಇಲ್ಲ." ಹೋದೆ. ಲೆಕ್ಕ ಬರೆಯುವ ಅಕ್ಕ, ಪಾಪ, ಹೊಸ ಪಾಸ್‌ವರ್ಡನ್ನು ಚೀಟಿಯಲ್ಲಿ ಬರೆದು ದೇವರ ಪಟದ ಹಿಂದೆ ಇಟ್ಟಿದ್ದರು. ತಪ್ಪು ಅಲ್ಲಿರಲಿಲ್ಲ. ದಾಖಲೆ ತೆಗೆಸಿದೆ. ಬೆಳಿಗ್ಗೆ 10:12ಕ್ಕೆ ಅಕ್ಕನ ಕುರ್ಚಿಯಿಂದ ಲಾಗಿನ್. 10:31ಕ್ಕೆ ಅದೇ ಖಾತೆ, ಯೂರೋಪಿನಿಂದ! 19 ನಿಮಿಷದಲ್ಲಿ ಆಗುಂಬೆ ಘಾಟಿ ಇಳಿಯುವುದೇ ಕಷ್ಟ, ಅಲ್ವಾ?

ಪಾಸ್‌ವರ್ಡ್ ಬದಲಾದರೂ ಅವನು ಹೇಗೆ ಉಳಿದ? ಮೊದಲೇ ತೆರೆದಿದ್ದ ಅವನ ಸೆಷನ್, ಅಂದರೆ ಒಮ್ಮೆ ಲಾಗಿನ್ ಆದ ಮೇಲೆ ತೆರೆದೇ ಇರುವ ಸಂಪರ್ಕ, ಇನ್ನೂ ನಡೆಯುತ್ತಿತ್ತು. ಇವರು ಬೀಗ ಬದಲಾಯಿಸಿದ್ದರು, ಅಟ್ಟದಲ್ಲಿ ಕೂತವನನ್ನು ಇಳಿಸಿರಲಿಲ್ಲ. ಸಾಲದ್ದಕ್ಕೆ, ಬಂದ ಮೇಲ್‌ಗಳೆಲ್ಲ ತನಗೂ ಹೋಗುವ ಹಾಗೆ ಫಾರ್ವರ್ಡ್ ಹಾಕಿಟ್ಟಿದ್ದ. ಎರಡನ್ನೂ ತೆಗೆಯಲು ಹತ್ತು ನಿಮಿಷ ಹಿಡಿಯಿತು. ದಾಖಲೆ ಮಾತ್ರ ಅಷ್ಟು ದಿನವೂ ಅಲ್ಲೇ ಇತ್ತು, ಯಾರೂ ಓದಿರಲಿಲ್ಲ.

ಅವತ್ತು ನಾನು ಬೆರಳಿಟ್ಟು ಸಾಲು ಸಾಲು ಓದಿದೆ. ಆ ಕೆಲಸಕ್ಕೆ ತಂತ್ರಾಂಶವಿದೆ. ಇಟಲಿಯ ಸೆರ್ಟೆಗೊ ಕಂಪನಿಯ ಬಫಲಾಗ್ಸ್ ಲಾಗಿನ್‌ಗಳ ದೂರ, ಸಮಯ ಲೆಕ್ಕ ಹಾಕಿ, ಇಷ್ಟು ಬೇಗ ಅಲ್ಲಿಗೆ ಹೋಗಲು ಸಾಧ್ಯವೇ ಇಲ್ಲ ಎಂದು ಎಚ್ಚರಿಸುತ್ತದೆ. ಹೊಸ ದೇಶದಿಂದ ಬಂದರೂ ಹೇಳುತ್ತದೆ. ಇದು ಓಪನ್ ಸೋರ್ಸ್, ಅಂದರೆ ಯಾರು ಬೇಕಾದರೂ ತೆಗೆದುಕೊಂಡು ಬಳಸಬಹುದಾದ ತಂತ್ರಾಂಶ. "ಬಜೆಟ್ ಇಲ್ಲ ಸಾರ್" ಅಂತ ದಯವಿಟ್ಟು ಹೇಳಬೇಡಿ, ಕೇಳಿ ಕೇಳಿ ಸಾಕಾಗಿದೆ. ಇದಕ್ಕೆ ಲೈಸೆನ್ಸ್ ದುಡ್ಡೇ ಇಲ್ಲ.

ಇನ್ನು ಬೇಗ ಬೇಗ ಹೇಳಿಬಿಡುತ್ತೇನೆ. ಹತ್ತಾರು ಕಂಪ್ಯೂಟರ್ ಇದ್ದರೆ ವಾಝು ಎಂಬ ತಂತ್ರಾಂಶ ಹಾಕಿ, ಎಲ್ಲ ದಾಖಲೆಯೂ ಒಂದೇ ಕಡೆ ಸಿಗುತ್ತದೆ. ಲಿನಕ್ಸ್ ಸರ್ವರ್ ಇದ್ದರೆ ಫೇಲ್‌ಟುಬ್ಯಾನ್ ಎಂಬ ತಂತ್ರಾಂಶ: 10 ನಿಮಿಷದಲ್ಲಿ 5 ಸಲ ತಪ್ಪು ಪಾಸ್‌ವರ್ಡ್ ಹೊಡೆದವನನ್ನು ಅದೇ ಹೊರಗೆ ನಿಲ್ಲಿಸುತ್ತದೆ. ಹಲವು ಆ್ಯಪ್‌ಗಳ ಲಾಗಿನ್ ಒಂದೇ ಕಡೆ ನೋಡಿಕೊಳ್ಳುವ ಕೀಕ್ಲೋಕ್‌ನಲ್ಲೂ ಅಂಥ ಕಾವಲಿದೆ, ಆದರೆ ಅದನ್ನು ನೀವೇ ಆನ್ ಮಾಡಬೇಕು. ಎಲ್ಲ ಸೆಷನ್‌ಗಳನ್ನೂ ಒಂದೇ ಸಲ ಮುಚ್ಚುವ ಗುಂಡಿಯೂ ಅಲ್ಲೇ ಇದೆ. ನಾಳೆ ಬೆಳಿಗ್ಗೆ ಕಾಫಿ ಕುಡಿಯುವಾಗ ನಿನ್ನೆಯ ಲಾಗಿನ್ ದಾಖಲೆ ಒಮ್ಮೆ ತೆಗೆದು ನೋಡಿ. ನಮಸ್ಕಾರ.