ಹುಳು ಹಿಡಿದು ಕಾದ ಸೂರಕ್ಕಿ

ನಮಸ್ಕಾರ. ಪ್ರವಾಸದಲ್ಲಿ ತೆಗೆದ ಫೋಟೊಗಳನ್ನು, ಕಾಡುಮೇಡುಗಳ, ಹಕ್ಕಿಪಕ್ಷಿಗಳ ಚಿತ್ರಗಳನ್ನು ನಾವೆಲ್ಲ ಸಂತೋಷದಿಂದ ಹಂಚಿಕೊಳ್ಳುತ್ತೇವೆ. ಆ ಹಂಚಿಕೆಯ ಬಗ್ಗೆ ನನಗೊಂದು ಗಟ್ಟಿಯಾದ ಅಭಿಪ್ರಾಯವಿದೆ. ಚಿತ್ರವನ್ನು ಹೇಗೆ ತೆಗೆದೆವು ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಎಲ್ಲಿ ತೆಗೆದೆವು ಎಂಬುದನ್ನು ಮಾತ್ರ ಹತ್ತು ಸಲ ಯೋಚಿಸಿ ಹೇಳಬೇಕು. ನಮ್ಮಲ್ಲಿ ಬಹಳಷ್ಟು ಮಂದಿ ಇದಕ್ಕೆ ತದ್ವಿರುದ್ಧವಾಗಿ ನಡೆದುಕೊಳ್ಳುತ್ತಿದ್ದೇವೆ, ನಾನೂ ವರ್ಷಗಟ್ಟಲೆ ಹಾಗೆಯೇ ಮಾಡಿದ್ದೇನೆ.

ನನ್ನ ಸಂಗ್ರಹದ ಮೊದಲ ಸಾಲಿನಲ್ಲಿ ಬಹಳ ಕಾಲ ಒಂದು ಚಿತ್ರವಿತ್ತು. ತೆಳು ಟೊಂಗೆಯ ಮೇಲೆ ಹೆಣ್ಣು ಸೂರಕ್ಕಿ, ಕೊಕ್ಕಿನಲ್ಲಿ ಹಸಿರು ಹುಳು, ಕಣ್ಣಿನಲ್ಲಿ ಬೆಳಕಿನ ಒಂದು ಚುಕ್ಕೆ. ನೋಡಿದವರೆಲ್ಲ ಮೆಚ್ಚಿದ್ದರು. ಎಷ್ಟೋ ದಿನಗಳ ಮೇಲೆ, ಬೇರೇನನ್ನೋ ಹುಡುಕುತ್ತಾ ಆ ಬೆಳಗಿನ ಫೈಲುಗಳನ್ನೆಲ್ಲ ಸಾಲಾಗಿ ತೆರೆದಾಗ ನನಗೆ ನಿಜ ತಿಳಿಯಿತು. ಅದೇ ಟೊಂಗೆ, ಅದೇ ಹುಳು. ಆದರೆ ಮೊದಲ ಫೈಲಿನಲ್ಲಿ ದಾಖಲಾಗಿದ್ದ ಸಮಯಕ್ಕೂ ಕೊನೆಯದಕ್ಕೂ 11 ನಿಮಿಷಗಳ ಅಂತರ. ಗೂಡು ಅಲ್ಲಿಂದ ಎರಡು ಮಾರು ದೂರದಲ್ಲಿತ್ತು. ಮರಿಗಳಿಗೆಂದು ತಂದ ತುತ್ತನ್ನು ಕೊಕ್ಕಿನಲ್ಲೇ ಹಿಡಿದುಕೊಂಡು ಆ ತಾಯಿಹಕ್ಕಿ ಅಷ್ಟು ಹೊತ್ತೂ ನಾನು ತೊಲಗುವುದನ್ನೇ ಕಾಯುತ್ತಿತ್ತು. ನಾನು ಅದನ್ನು ಚೆಂದದ ಭಂಗಿ ಎಂದುಕೊಂಡಿದ್ದೆ.

ಆದ್ದರಿಂದಲೇ ಹೇಗೆ ಎಂಬ ಪ್ರಶ್ನೆಯನ್ನು ಮೊದಲು ಇಡುತ್ತೇನೆ. 2009ರಲ್ಲಿ ವೈಲ್ಡ್‌ಲೈಫ್ ಫೋಟೋಗ್ರಾಫರ್ ಆಫ್ ದಿ ಇಯರ್ ಸ್ಪರ್ಧೆಯಲ್ಲಿ ಗೇಟು ಹಾರುತ್ತಿರುವ ತೋಳದ ಚಿತ್ರಕ್ಕೆ ಅತ್ಯುನ್ನತ ಪ್ರಶಸ್ತಿ ಬಂದಿತ್ತು. ಅದು ಪಳಗಿಸಿದ ತೋಳವೇ ಇರಬೇಕೆಂದು ತೀರ್ಪುಗಾರರಿಗೆ ಮನವರಿಕೆಯಾದ ಮೇಲೆ, 2010ರ ಜನವರಿಯಲ್ಲಿ ಆ ಪ್ರಶಸ್ತಿಯನ್ನು ಹಿಂದಕ್ಕೆ ಪಡೆದರು. ಸಾಕಿದ ಪ್ರಾಣಿಯ ಚಿತ್ರ ತೆಗೆಯುವುದು ತಪ್ಪಲ್ಲ, ಅದನ್ನು ಕಾಡಿನದೆಂದು ನಂಬಿಸುವುದು ತಪ್ಪು. ಆಹಾರ ಇಟ್ಟು ಕರೆದಿದ್ದರೆ, ಧ್ವನಿಮುದ್ರಿಕೆ ಹಾಕಿ ಹಕ್ಕಿಯನ್ನು ಸೆಳೆದಿದ್ದರೆ, ಎರಡು ಚಿತ್ರಗಳನ್ನು ಒಂದಾಗಿಸಿದ್ದರೆ, ಚಿತ್ರದ ಕೆಳಗೆ ಒಂದು ಸಾಲು ಬರೆಯಲು ಏನು ಕಷ್ಟ?

ಇನ್ನು ಎಲ್ಲಿ ಎಂಬುದು. ಮೊಬೈಲಿನಲ್ಲಿ ಲೊಕೇಶನ್ ಆನ್ ಇದ್ದರೆ, ತೆಗೆದ ಜಾಗದ ಅಕ್ಷಾಂಶ ರೇಖಾಂಶಗಳು ಫೋಟೊದ ಎಕ್ಸಿಫ್ ಮಾಹಿತಿಯಲ್ಲಿ, ಅಂದರೆ ಫೈಲಿನೊಳಗೇ ಅಡಗಿ ಕೂತಿರುವ ವಿವರಗಳಲ್ಲಿ, ಸೇರಿಕೊಳ್ಳುತ್ತವೆ, ಮೂಲ ಫೈಲನ್ನು ಹಾಗೆಯೇ ಕಳುಹಿಸಿದರೆ ಗೂಡಿನ ವಿಳಾಸವೂ ಅದರ ಜೊತೆಗೇ ಹೋಗುತ್ತದೆ. ಚಿತ್ರದ ಬೆನ್ನು ಹಿಡಿದು ಜನ ಹೇಗೆ ಬರುತ್ತಾರೆ ಎಂಬುದನ್ನು ಕ್ಯಾಲಿಫೋರ್ನಿಯಾದ ಲೇಕ್ ಎಲ್ಸಿನೋರ್ ಪಟ್ಟಣ 2019ರ ಮಾರ್ಚ್‌ನಲ್ಲಿ ಕಂಡಿತು. ವಾಕರ್ ಕಣಿವೆಯಲ್ಲಿ ಅರಳಿದ್ದ ಕಿತ್ತಳೆ ಬಣ್ಣದ ಪಾಪಿ ಹೂಗಳ ಚಿತ್ರಗಳು ಹರಡಿ, ಜನಸಾಗರ ತಾಳಲಾರದೆ ಕಣಿವೆಯ ದಾರಿಯನ್ನೇ ಕೆಲಕಾಲ ಮುಚ್ಚಬೇಕಾಯಿತು. ಹೂವಿನ ನಡುವೆ ಕೂತು ಫೋಟೊ ತೆಗೆಸಿಕೊಳ್ಳಲು ಬಂದವರ ಕಾಲಡಿ ಸಿಕ್ಕಿ ನಲುಗಿದ್ದೂ ಅದೇ ಹೂವು.

ಹಾಗಾದರೆ ಯಾವ ಊರಿನ ಹೆಸರನ್ನೂ ಹೇಳಬಾರದೇ ಎಂದು ಕೇಳಬಹುದು. ಹಾಗಲ್ಲ. 1871ರ ಸರ್ಕಾರಿ ಭೂಸಮೀಕ್ಷೆಯಲ್ಲಿ ಛಾಯಾಗ್ರಾಹಕ ವಿಲಿಯಂ ಹೆನ್ರಿ ಜಾಕ್ಸನ್ ತೆಗೆದ ಯೆಲ್ಲೊಸ್ಟೋನಿನ ಚಿತ್ರಗಳು ಅಮೆರಿಕದ ಕಾಂಗ್ರೆಸ್ಸಿನ ಸದಸ್ಯರ ಕಣ್ಣಿಗೆ ಬಿದ್ದವು; 1872ರ ಮಾರ್ಚ್‌ನಲ್ಲಿ ಆ ಪ್ರದೇಶ ರಾಷ್ಟ್ರೀಯ ಉದ್ಯಾನವಾಯಿತು, ಅದಕ್ಕೆ ಆ ಚಿತ್ರಗಳ ನೆರವೂ ಇತ್ತು. ಹೆಸರು ಹೇಳಿದ್ದರಿಂದಲೇ ಉಳಿದ ಜಾಗಗಳಿವೆ. ಆದರೆ ವಿಶಾಲವಾದ ಒಂದು ಸೀಮೆಯ ಹೆಸರು ಹೇಳುವುದು ಬೇರೆ, ಗೂಬೆ ಮಲಗುವ ಪೊಟರೆಯನ್ನೋ ಅಪರೂಪದ ಸೀತಾಳೆ ಹೂವಿರುವ ಮರವನ್ನೋ ಬೆರಳಿಟ್ಟು ತೋರಿಸುವುದು ಬೇರೆ. ತಾವು ಕಂಡ ಜೀವಿಗಳನ್ನು ಜನ ಚಿತ್ರಸಹಿತ ದಾಖಲಿಸುವ ಐನ್ಯಾಚುರಲಿಸ್ಟ್ ಜಾಲತಾಣದಲ್ಲಿ ಅಪಾಯದಲ್ಲಿರುವ ಜೀವಿಗಳ ನಿಖರ ಜಾಗವನ್ನು ಮರೆಮಾಡಿ, ಸುಮಾರು 0.2 ಡಿಗ್ರಿ ಅಗಲದ, ಅಂದರೆ ಹೆಚ್ಚುಕಡಿಮೆ ಇಪ್ಪತ್ತು ಕಿಲೊಮೀಟರ್ ಅಗಲದ ಚೌಕದೊಳಗೆ ಎಲ್ಲೋ ಇದೆ ಎಂದಷ್ಟೇ ತೋರಿಸುತ್ತಾರೆ. ನೋಡುಗನಿಗೆ ಅಷ್ಟು ಸಾಕು ಎಂಬುದು ನನ್ನ ನಂಬಿಕೆ.

ಸೂರಕ್ಕಿಯ ಚಿತ್ರವನ್ನು ನಾನು ಅಳಿಸಲಿಲ್ಲ, ಮೊದಲ ಸಾಲಿನಿಂದ ತೆಗೆದು ಕೊನೆಗೆ ಇಟ್ಟಿದ್ದೇನೆ. ಅದರ ಕೆಳಗೆ, ನಾನು ಗೂಡಿನ ಹತ್ತಿರ ನಿಂತಿದ್ದರಿಂದ ಮರಿಗಳಿಗೆ ಉಣಿಸಲಾಗದೆ 11 ನಿಮಿಷ ಕಾದ ತಾಯಿ ಎಂದು ಬರೆದಿದ್ದೇನೆ. ಇದನ್ನು ಎಲ್ಲಿ ತೆಗೆದಿರಿ ಎಂದು ಈಗಲೂ ಕೆಲವರು ಕೇಳುತ್ತಾರೆ. ಆ ಸಾಲಿಗೆ ಜಾಗದ ಹೆಸರನ್ನು ನಾನು ಸೇರಿಸಿಲ್ಲ.