ಮತ್ಸ್ಯಕನ್ಯೆಗೆ ಚಪ್ಪಲಿ ಸಿಕ್ತು, ಗಡಿಯಾರ ಯಾರೂ ಕಲಿಸ್ಲಿಲ್ಲ

ಕೇಳುಗರೆ, ನಮಸ್ಕಾರ. ಜೂನ್ 1ರಿಂದ ಜುಲೈ 31ರ ತನಕ ಮೀನು ಹಿಡಿಯೋ ಬೋಟು ಬಂದ್ ಅಲ್ವಾ, 61 ದಿನ, ನಮ್ಮ ಕಾರವಾರದ ಬೈತಖೋಲ ಬಂದರಿನಲ್ಲಿ ಬೋಟುಗಳೆಲ್ಲ ಒಂದಕ್ಕೊಂದು ಹಗ್ಗ ಕಟ್ಕೊಂಡು ಮಳೇಲಿ ನಿಂತಿರ್ತವೆ, ಬೋಟಲ್ಲಿ ದುಡಿಯೋ ಹೊರಗಿನ ಖಲಾಸಿಗಳು ಊರಿಗೆ ಹೋಗಿರ್ತಾರೆ, ಇಲ್ಲಿನವ್ರು ಬಲೆ ರಿಪೇರಿ ಮಾಡ್ತಾ ಪಕ್ಕದಲ್ಲಿ ಮೊಬೈಲ್ ನಿಲ್ಲಿಸ್ಕೊಂಡು ಏನಾದ್ರೂ ನೋಡ್ತಿರ್ತಾರೆ. ನಮ್ಮ ಅಕ್ಕನ ಮಗನೂ ಹಂಗೇ. ಹೋದ ಮಳೆಗಾಲದಲ್ಲಿ ಅವ್ನಿಗೆ ಒಂದು ಅಮೆರಿಕದ ಸೀರಿಯಲ್ ಹುಚ್ಚು ಹಿಡೀತು. ಹೆಸರು ಸೈರನ್, 2018ರಿಂದ 2020ರ ತನಕ ಟೀವಿಲಿ ಬಂದದ್ದು, ಮೂರು ಸೀಸನ್, ಒಟ್ಟು 36 ಎಪಿಸೋಡು. ಅವ್ನ ಕಾಟಕ್ಕೆ ನಾನೂ ಕೂತೆ, ಬಿಡೋಕ್ಕಾಗ್ಲಿಲ್ಲ.

ಶುರುವಾಗೋದೇ ಬೋಟಿನಲ್ಲಿ. ದೂರದ ಥಂಡಿ ಸಮುದ್ರದಲ್ಲಿ ಬಲೆ ಎಳೀತಾರೆ, ಬಲೇಲಿ ಮೀನಿನ ಜೊತೆ ಒಂದು ಮತ್ಸ್ಯಕನ್ಯೆ ಬಂದ್ಬಿಡ್ತಾಳೆ, ಅಷ್ಟರಲ್ಲಿ ಹೆಲಿಕಾಪ್ಟರ್ ಬಂದು ಮಿಲಿಟರಿಯವ್ರು ಅವ್ಳನ್ನ ಎತ್ಕೊಂಡು ಹೋಗ್ತಾರೆ. ಬಲೆ ಕಟ್ತಾ ಕೂತಿದ್ದ ತಾಂಡೇಲ, ಅಂದ್ರೆ ಬೋಟು ನಡೆಸೋರು, ಒಬ್ರು ಇದನ್ನ ನೋಡಿ ಕೇಳಿದ್ರು, "ಅಲ್ಲ ಮಾರ್ರೆ, ಬಲೆಗೆ ಬಿದ್ದದ್ದು ಅವ್ರು ತಗೊಂಡು ಹೋದ್ರು, ಬೋಟಿನವ್ರಿಗೆ ಎಷ್ಟು ಕೊಟ್ರು?" ಸೀರಿಯಲ್ಲಿನಲ್ಲಿ ಇದಕ್ಕೆ ಉತ್ರ ಇಲ್ಲ.

ಆಮೇಲೆ ಆ ಸಿಕ್ಕಿಬಿದ್ದವ್ಳನ್ನ ಹುಡುಕ್ಕೊಂಡು ಅವ್ಳ ತಂಗಿ ದಡಕ್ಕೆ ಬರ್ತಾಳೆ, ರಿನ್ ಅಂತ ಹೆಸರು, ಎಲಿನ್ ಪೊವೆಲ್ ಅನ್ನೋ ನಟಿ ಮಾಡಿದಾಳೆ. ಬಾಲ ಹೋಗಿ ಕಾಲು ಬರೋದು ಅಂದ್ರೆ ನಮ್ಮಲ್ಲಿ ತೋರಿಸೋ ಥರ ಮಿಂಚು ಹೊಡೆದು ಸೀರೆ ಉಟ್ಕೊಂಡು ಎದ್ದು ನಿಲ್ಲೋದಲ್ಲ, ಎಲುಬು ಲಟಲಟ ಅನ್ನುತ್ತೆ, ಕಿರುಚ್ತಾಳೆ, ನೋಡೋಕ್ಕಾಗಲ್ಲ. ಆ ಊರು, ಬ್ರಿಸ್ಟಲ್ ಕೋವ್ ಅಂತ, ಕಥೆಗೋಸ್ಕರ ಕಟ್ಟಿದ ಊರು, ಅಲ್ಲಿ ಮತ್ಸ್ಯಕನ್ಯೆ ಹೆಸರಲ್ಲೇ ಜಾತ್ರೆ ಮಾಡ್ತಾರೆ, ಅಂಗಡಿ ತುಂಬ ಬೊಂಬೆ. ನಿಜವಾದವ್ಳು ಬಂದು ರಸ್ತೇಲಿ ನಡೆದ್ರೆ ಮಾತ್ರ ಯಾರಿಗೂ ಗುರ್ತಿಲ್ಲ. ನಂಗೆ ಇದು ಭಾರೀ ಇಷ್ಟ ಆಯ್ತು. ಹೊಡೆದಾಟ, ಲ್ಯಾಬು, ಇಂಜೆಕ್ಷನ್ನು ಎಲ್ಲ ಓಡಿಸ್ಕೊಂಡು ನೋಡಿದೆ, ಆದ್ರೆ ರಿನ್ ಮಾತು ಕಲಿಯೋದು, ಅರ್ಧರ್ಧ ವಾಕ್ಯ ಹೇಳೋದು, ಹಸಿ ಮೀನನ್ನ ಹಂಗೇ ಕಚ್ಚೋದು, ಮೈ ಒಣಗ್ತಾ ಬಂದ ಹಾಗೆ ಕಡಲಿಗೆ ಓಡೋದು, ಅಲ್ಲೆಲ್ಲ ನಿಲ್ಲಿಸಿ ನಿಲ್ಲಿಸಿ ನೋಡಿದೆ.

ಎರಡನೇ ಸೀಸನ್‌ನಲ್ಲಿ ಅವ್ಳ ಬಳಗದವ್ರೂ ದಡ ಹತ್ತುತಾರೆ, ಯಾಕಂದ್ರೆ ಒಂದು ಎಣ್ಣೆ ಕಂಪನಿ ನೀರೊಳಗೆ ಶಬ್ದದ ತೋಪು ಹೊಡೀತಿರುತ್ತೆ. ಇದು ಕಥೆ ಅಲ್ಲ ಮತ್ತೆ, ನಿಜಕ್ಕೂ ಇರೋದೇ. ಹಡಗಿಂದ ಗಾಳಿ ಅದುಮಿ ಹತ್ತು ಹದಿನೈದು ಸೆಕೆಂಡಿಗೊಂದು ಸಲ ನೀರೊಳಗೆ ಢಂ ಅನ್ನಿಸ್ತಾರೆ, ಕಡಲಡಿಯ ಕಲ್ಲಿಗೆ ಬಡಿದು ಬಂದ ಪ್ರತಿಧ್ವನಿ ಕೇಳಿ ಎಲ್ಲಿ ಎಣ್ಣೆ ಇರಬಹುದು ಅಂತ ಲೆಕ್ಕ ಹಾಕ್ತಾರೆ. ತಿಮಿಂಗಿಲ, ಡಾಲ್ಫಿನ್ನು ಕಿವಿ ಮೇಲೇ ಬದುಕೋವು, ಅವಕ್ಕೆ ಅದು ಹಿಂಸೆ. ಹಿಂಗಾಗಿ ರಿನ್ ಈಗ ಮೇಷ್ಟ್ರು, ಉಳಿದವ್ರಿಗೆ ಬಟ್ಟೆ ಹಾಕ್ಕೊಳ್ಳೋದು, ನೆಲದ ಮೇಲಿನವ್ರ ಹಾಗೆ ಇರೋದು ಕಲಿಸ್ತಾಳೆ.

ಇಲ್ಲಿಗೆ ಬಂದಾಗ ನಂಗೆ ನಮ್ಮ ಅಜ್ಜಿ ನೆನಪಾದ್ಲು.

ನಿಮ್ಗೆಲ್ಲ ಗೊತ್ತಿರೋದೇ, 1986ರಲ್ಲಿ ಸೀಬರ್ಡ್ ನೌಕಾನೆಲೆಗೆ ಶಂಕುಸ್ಥಾಪನೆ ಆಯ್ತು, 2005ರಲ್ಲಿ ಐಎನ್‌ಎಸ್ ಕದಂಬ ಅನ್ನೋ ಹೆಸರಲ್ಲಿ ಆ ನೆಲೆ ಶುರುವಾಯ್ತು, ನಡುವೆ 13 ಹಳ್ಳಿಯವ್ರು ಮನೆ ಬಿಟ್ಟೆದ್ದು ಪುನರ್ವಸತಿ ಕಾಲೋನಿಗಳಿಗೆ ಬಂದ್ರು. ಅಜ್ಜಿನೂ ಬಂದ್ಲು. ಅದಕ್ಕೆ ಅವ್ಳು ಯಾರನ್ನೂ ಬೈದದ್ದು ನಾ ಕೇಳಿಲ್ಲ. ಹೊಸಮನೆ ಗಟ್ಟಿ ಇದೆ, ನಲ್ಲಿ ಇದೆ ಅಂತ್ಲೇ ಹೇಳ್ತಿದ್ಲು. ಆದ್ರೆ ಟೈಮು ಅವ್ಳಿಗೆ ಹತ್ಲೇ ಇಲ್ಲ. ಅಮಾಸೆ, ಹುಣ್ಣಿಮೆಗೆ ಇಳಿತ ಜೋರು, ಬಂಡೆ ಪೂರಾ ಬಿಚ್ಕೊಳ್ಳುತ್ತೆ, ಆಗ ಕಲ್ವ, ಅಂದ್ರೆ ಬಂಡೆಗೆ ಅಂಟಿರೋ ಚಿಪ್ಪುಮೀನು, ಕೀಳೋಕೆ ಹೋಗೋದು. ಅಷ್ಟಮಿ ಸುತ್ತಮುತ್ತ ನೀರು ಅಷ್ಟೊಂದು ಇಳಿಯೋದೇ ಇಲ್ಲ, ಮನೇಲಿ ಕೂರೋದು. ಇಳಿತ ದಿನಕ್ಕೆ ಸುಮಾರು 50 ನಿಮಿಷ ತಡ ಆಗ್ತಾ ಹೋಗುತ್ತೆ, ಇವತ್ತು ಬೆಳಿಗ್ಗೆ ಆರಕ್ಕಾದ್ರೆ ನಾಳೆ ಏಳರ ಹತ್ರ. ಅಂದ್ರೆ ಅವ್ಳ ಗಡಿಯಾರ ದಿನಾ ಜಾರ್ತಿತ್ತು, ಅವ್ಳ ಅಡುಗೆ, ನಿದ್ದೆ, ಸ್ನಾನ ಎಲ್ಲ ಅದ್ರ ಜೊತೆ ಜಾರ್ತಿತ್ತು. ಕಾಲೋನಿಯಲ್ಲಿ ಬಸ್ಸು ಮಾತ್ರ ದಿನಾ ಎಂಟೂಕಾಲಿಗೇ ಬರ್ತಿತ್ತು. ಇವತ್ತೂ ಎಂಟೂಕಾಲು, ನಾಳೆನೂ ಎಂಟೂಕಾಲು. "ಇದೆಂಥ ಬಸ್ಸು, ಒಂದು ದಿನನಾದ್ರೂ ಸರೀಬಾರ್ದಾ" ಅಂತಿದ್ಲು. ನಾವು ನಗಾಡ್ತಿದ್ವಿ.

ಅಮಾಸೆ ದಿನ ಮಾತ್ರ ನಗು ಬರ್ತಿರ್ಲಿಲ್ಲ. ಕತ್ತಲಲ್ಲೇ ಎದ್ದು, ಸೀರೆ ಮೇಲೆ ಕಟ್ಟಿ, ಕಲ್ವ ಕೀಳೋ ಸಲಾಕೆ ಬುಟ್ಟೀಲಿಟ್ಕೊಂಡು ಬಾಗ್ಲಲ್ಲಿ ಕೂತಿರ್ತಿದ್ಲು. ಹೋಗೋಕಲ್ಲ. ಹೊತ್ತು ಬಂತು, ಅದಕ್ಕೆ ಕೂತದ್ದು. ನೀರು ತಿರುಗೋ ಹೊತ್ತಾದ್ಮೇಲೆ ತಾನೇ ಎದ್ದು ಸಲಾಕೆ ಒಳಗಿಟ್ಟು ಚಾ ಇಡ್ತಿದ್ಲು. ಬುಟ್ಟಿ ಖಾಲಿ, ಆದ್ರೂ ಅದನ್ನ ತೊಳೆದೇ ಕವುಚಿ ಹಾಕ್ತಿದ್ಲು.

ಅದಕ್ಕೇ ನಂಗೆ ಆ ಸೀರಿಯಲ್ ಮೇಲೆ ಒಂದು ತಕರಾರು. ರಿನ್‌ಗೆ ಚಪ್ಪಲಿ ಕೊಟ್ರು, ಮಾತು ಕೊಟ್ರು, ಪ್ರೀತಿ ಮಾಡೋಕೆ ಹುಡುಗನ್ನೂ ಕೊಟ್ರು, ಬೆಳಿಗ್ಗೆ ಎಂಟೂಕಾಲು ಅಂದ್ರೆ ಏನು ಅಂತ ಅವ್ಳು ತಲೆ ಕೆಡಿಸ್ಕೊಂಡ ಒಂದೇ ಒಂದು ಸೀನಾದ್ರೂ ಬೇಕಿತ್ತು. ಬರೆದವ್ರು ಇಳಿತ ನೋಡ್ಕೊಂಡು ಅನ್ನಕ್ಕಿಟ್ಟವ್ರಲ್ಲ, ಬಿಡಿ.

ಅಕ್ಕನ ಮಗನಿಗೆ ಇದನ್ನ ಹೇಳೋಣ ಅಂದ್ರೆ ಅಷ್ಟರಲ್ಲಿ ಆಗಸ್ಟ್ 1 ಬಂತು, ಐಸು, ಡೀಸೆಲ್ಲು ತುಂಬಿಸ್ಕೊಂಡು ಬೋಟು ಬಿಟ್ರು. ಮೂರನೇ ಸೀಸನ್ ಇನ್ನೂ ಐದು ಎಪಿಸೋಡು ಬಾಕಿ ಇತ್ತು ಅವ್ನಿಗೆ. ಎರಡನೇ ದಿನ ಎಲ್ಲೋ ಒಂಚೂರು ರೇಂಜ್ ಸಿಕ್ತು ಅನ್ಸುತ್ತೆ, ಫೋನ್ ಮಾಡಿದ, ಇಂಜಿನ್ ಶಬ್ದದಲ್ಲಿ ಕೂಗ್ತಿದ್ದ, "ಮಾಮಿ, ಕೊನೆಗೆ ಅವ್ಳು ನೀರಿಗೆ ಹೋಗ್ತಾಳಾ, ದಡದಲ್ಲೇ ಇರ್ತಾಳಾ?" ನಾನಂದೆ, ಬಂಗಡೆ ಸಿಕ್ತಾ ಮೊದ್ಲು ಹೇಳು. ಅಷ್ಟಕ್ಕೇ ಲೈನ್ ಕಟ್ಟಾಯ್ತು.