ತಲೆಬರಹವೊಂದು ನಿಜವಾಗಿಬಿಟ್ಟಿದ್ದರೆ

ಕೇಳುಗರಿಗೆ ನಮಸ್ಕಾರ.

ಹಳೆಯ ಪತ್ರಿಕೆಯ ತಪ್ಪು ತಲೆಬರಹವೊಂದನ್ನು ನಿಜವೆಂದು ಒಪ್ಪಿಕೊಂಡು, ಮುಂದೆ ಏನೇನಾಗುತ್ತಿತ್ತು ಎಂದು ಲೆಕ್ಕ ಹಾಕುತ್ತ ಹೋಗುವುದು ಬಹಳ ಸೊಗಸಾದ ಆಟ. ಇದಕ್ಕೆ ಕಟ್ಟುನಿಟ್ಟಿನ ನಿಯಮವೊಂದಿದೆ. ತಲೆಬರಹವನ್ನು ಮಾತ್ರ ನಿಜ ಮಾಡಬೇಕು, ಸುತ್ತಲಿನ ಸಂಗತಿಗಳನ್ನು ಇದ್ದ ಹಾಗೇ ಬಿಡಬೇಕು. ನಗು ಹುಟ್ಟುವುದು ಆ ಸಂಗತಿಗಳಿಂದಲೇ. ಅವನ್ನೂ ಕಲ್ಪಿಸಿಕೊಂಡರೆ ಆಟ ಸಪ್ಪೆಯಾಗುತ್ತದೆ.

1948ರ ನವೆಂಬರ್ 3ರ ‘ಷಿಕಾಗೊ ಡೈಲಿ ಟ್ರಿಬ್ಯೂನ್’ ಪತ್ರಿಕೆಯನ್ನು ತೆಗೆದುಕೊಳ್ಳೋಣ. ಅಮೆರಿಕದ ಅಧ್ಯಕ್ಷ ಹ್ಯಾರಿ ಟ್ರೂಮನ್ ಅವರನ್ನು ಥಾಮಸ್ ಡ್ಯೂಯಿ ಸೋಲಿಸಿದರು ಎಂದು ಮುಖಪುಟದಲ್ಲಿ ದಪ್ಪಕ್ಷರದಲ್ಲಿ ಅಚ್ಚಾಯಿತು. ಗೆದ್ದವರು ಟ್ರೂಮನ್. ತಪ್ಪಿಗೆ ಅಚ್ಚುಮನೆಯದೂ ಒಂದು ಕಾರಣ. ಮೊಳೆ ಜೋಡಿಸುವವರು ಹಿಂದಿನ ವರ್ಷದ ನವೆಂಬರಿನಿಂದ ಮುಷ್ಕರದಲ್ಲಿದ್ದರು. ಹಾಗಾಗಿ ಸುದ್ದಿಯನ್ನು ಟೈಪ್ ಮಾಡಿ, ಹಾಳೆಗೆ ಅಂಟಿಸಿ, ಅದರ ಫೋಟೊ ತೆಗೆದು, ಬ್ಲಾಕ್ ಮಾಡಿ ಅಚ್ಚಿಗೆ ಏರಿಸಬೇಕಿತ್ತು. ಇದಕ್ಕೆ ಗಂಟೆಗಟ್ಟಲೆ ಹೆಚ್ಚು ಹಿಡಿಯುತ್ತಿತ್ತು. ಎಣಿಕೆ ಇನ್ನೂ ನಡೆಯುತ್ತಿರುವಾಗಲೇ ಪುಟ ಕಟ್ಟಬೇಕಾಯಿತು. ವಾಷಿಂಗ್ಟನ್ ವರದಿಗಾರ ಆರ್ಥರ್ ಸಿಯರ್ಸ್ ಹೆನಿಂಗ್ ಅವರ ಅಂದಾಜನ್ನು ನಂಬಿದರು. ಸುಮಾರು 1,50,000 ಪ್ರತಿಗಳು ಹೊರಬಿದ್ದವು. ಟ್ರೂಮನ್ ಸೇಂಟ್ ಲೂಯಿಸ್ ನಿಲ್ದಾಣದಲ್ಲಿ ರೈಲಿನ ಹಿಂಬದಿ ನಿಂತು, ಅದೇ ಪತ್ರಿಕೆಯನ್ನು ಎತ್ತಿ ಹಿಡಿದು ನಗುತ್ತಿರುವ ಫೋಟೊವನ್ನು ನಿಮ್ಮಲ್ಲಿ ಅನೇಕರು ನೋಡಿರುತ್ತೀರಿ.

ಈಗ ಈ ತಲೆಬರಹವನ್ನು ನಿಜ ಮಾಡೋಣ. ಎಷ್ಟು ಮತ ಬೇಕು? ಅಲ್ಲಿ ಅಧ್ಯಕ್ಷರನ್ನು ಆರಿಸುವುದು ಪ್ರತಿ ರಾಜ್ಯಕ್ಕೂ ಇಂತಿಷ್ಟೆಂದು ಹಂಚಿದ ಎಲೆಕ್ಟೊರಲ್ ಮತಗಳು; ರಾಜ್ಯ ಗೆದ್ದವರಿಗೆ ಸಾಮಾನ್ಯವಾಗಿ ಅದರ ಅಷ್ಟೂ ಮತ ಸಿಗುತ್ತವೆ. ಟ್ರೂಮನ್ ಅವರಿಗೆ 303, ಡ್ಯೂಯಿ ಅವರಿಗೆ 189 ಎಲೆಕ್ಟೊರಲ್ ಮತ ಬಂದಿದ್ದವು, ಬಹುಮತಕ್ಕೆ 266 ಸಾಕು. ಟ್ರೂಮನ್ ಒಹಾಯೊವನ್ನು 7,107 ಮತಗಳಿಂದ, ಕ್ಯಾಲಿಫೋರ್ನಿಯವನ್ನು 17,865 ಮತಗಳಿಂದ, ಇಲಿನಾಯ್ ರಾಜ್ಯವನ್ನು 33,612 ಮತಗಳಿಂದ ಗೆದ್ದಿದ್ದರು. ಈ ಅಂತರಗಳ ಅರ್ಧಕ್ಕಿಂತ ಒಂದೊಂದು ಮತ ಹೆಚ್ಚಾಗಿ ಅತ್ತ ವಾಲಿದರೆ, ಅಂದರೆ ಒಟ್ಟು 29,294 ಮತದಾರರು ಮನಸ್ಸು ಬದಲಿಸಿದರೆ, ಮೂರು ರಾಜ್ಯಗಳ 78 ಮತ ಡ್ಯೂಯಿ ಪಾಲಾಗುತ್ತವೆ. ಒಟ್ಟು 267.

ಇಲ್ಲೇ ಮೊದಲ ನಗು. ತಲೆಬರಹ ನಿಜವಾಯಿತು, ಆದರೆ ಅದರ ಕೆಳಗಿನ ವರದಿ ಭಾರಿ ಬಹುಮತ ಬರಲಿದೆ ಎಂದಿತ್ತು. ಬಹುಮತಕ್ಕಿಂತ ಒಂದೇ ಒಂದು ಮತ ಹೆಚ್ಚು ಬಂದಿದೆ! ಸರಿಯಾದ ತಲೆಬರಹದಡಿ ತಪ್ಪು ವರದಿ ಕೊಟ್ಟದ್ದಕ್ಕೆ ಪತ್ರಿಕೆ ಮರುದಿನ ವಿಷಾದ ಸೂಚಿಸಲೇಬೇಕು.

ಮುಂದೆ ಸಂಬಳದ ವಿಚಾರ. ಅಧ್ಯಕ್ಷರ ಸಂಬಳವನ್ನು ವರ್ಷಕ್ಕೆ 75,000 ಡಾಲರಿನಿಂದ 1,00,000 ಡಾಲರಿಗೆ ಏರಿಸುವ ಕಾನೂನಿಗೆ ಟ್ರೂಮನ್ ಸಹಿ ಹಾಕಿದ್ದು 1949ರ ಜನವರಿ 19ರಂದು. ಅವಧಿಯ ನಡುವೆ ಅಧ್ಯಕ್ಷರ ಸಂಬಳ ಬದಲಿಸಲು ಅಮೆರಿಕದ ಸಂವಿಧಾನ ಬಿಡುವುದಿಲ್ಲ, ಹೊಸ ಅವಧಿ ಶುರುವಾಗುವುದು 20ರ ಮಧ್ಯಾಹ್ನಕ್ಕೆ. ನಮ್ಮ ಕಲ್ಪನೆಯಲ್ಲಿ ಸೋತವರು ಗಂಟುಮೂಟೆ ಕಟ್ಟುವ ಮುನ್ನಾದಿನ ಗೆದ್ದವರ ಸಂಬಳ ಏರಿಸಿ ಹೋಗುತ್ತಾರೆ. ಮಾಜಿ ಅಧ್ಯಕ್ಷರಿಗೆ ಪಿಂಚಣಿ ಕೊಡುವ ಕಾನೂನು ಬಂದದ್ದು 1958ರಲ್ಲಿ. ಆದ್ದರಿಂದ ಟ್ರೂಮನ್ ಕೈಗೆ ಬರುವುದು ತಿಂಗಳಿಗೆ 112 ಡಾಲರ್ 56 ಸೆಂಟ್ ಸೇನಾ ಪಿಂಚಣಿ.

ಇನ್ನು ಮನೆ. ಈ ಆಟದಲ್ಲಿ ಅತ್ಯಂತ ರಸವತ್ತಾದ ಭಾಗ ಇದೇ. 1948ರ ಬೇಸಿಗೆಯಲ್ಲಿ ಟ್ರೂಮನ್ ಅವರ ಮಗಳು ಮಾರ್ಗರೆಟ್‌ರ ಪಿಯಾನೊದ ಕಾಲು ಶ್ವೇತಭವನದ ನೆಲವನ್ನು ಒಡೆದು ಕೆಳಕ್ಕಿಳಿದಿತ್ತು. ತೊಲೆಗಳು ದುರ್ಬಲವಾಗಿದ್ದವು. ಚುನಾವಣೆ ಮುಗಿದ ಆ ನವೆಂಬರಿನಲ್ಲೇ ಕುಟುಂಬ ರಸ್ತೆಯಾಚೆಯ ಬ್ಲೇರ್ ಹೌಸಿಗೆ ಹೋಯಿತು. ಆಮೇಲೆ ಹೊರಗೋಡೆ ಉಳಿಸಿ ಒಳಗಿನದನ್ನೆಲ್ಲ ಕೆಡವಿ, ಹೊಸ ಅಡಿಪಾಯ ಹಾಕಿ, ಉಕ್ಕಿನ ಚೌಕಟ್ಟು ನಿಲ್ಲಿಸಿದರು. ಮನೆ ವಾಸಕ್ಕೆ ಸಿಕ್ಕಿದ್ದು 1952ರ ಮಾರ್ಚ್ 27ಕ್ಕೆ. ಈ ದಿನಾಂಕಗಳನ್ನು ಕದಲಿಸದೆ ಡ್ಯೂಯಿ ಅವರನ್ನು ಕರೆತನ್ನಿ: ಪ್ರಮಾಣವಚನ ಮುಗಿಸಿ ಬಂದರೆ ಇಳಿದುಕೊಳ್ಳಲು ಶ್ವೇತಭವನವೇ ಇಲ್ಲ. ಮೂರು ವರ್ಷಕ್ಕೂ ಮಿಕ್ಕಿ ಎದುರುಮನೆಯಲ್ಲಿದ್ದುಕೊಂಡು ಗೋಡೆಯೊಳಗಿನ ಮಣ್ಣು ಅಗೆಯುವುದನ್ನು ನೋಡಬೇಕು. ಹೊಸ ಮನೆಗೆ ಹಾಲುಕ್ಕಿಸಿ ಹತ್ತು ತಿಂಗಳಾಗುವಷ್ಟರಲ್ಲಿ ನಾಲ್ಕು ವರ್ಷದ ಅವಧಿ ಮುಗಿದೇ ಹೋಗುತ್ತದೆ. 1949ರ ಅಕ್ಟೋಬರ್ 11ರಂದು ನಮ್ಮ ಪ್ರಧಾನಿ ನೆಹರೂ ವಾಷಿಂಗ್ಟನ್ನಿಗೆ ಬಂದಾಗ ವಿಮಾನ ನಿಲ್ದಾಣದಲ್ಲಿ ಕೈಕುಲುಕುವವರೂ ಡ್ಯೂಯಿ ಅವರೇ.

ಇಲ್ಲಿಂದಾಚೆ ಎಚ್ಚರ ಬೇಕು. ಒಂದು ಅವಧಿ ದಾಟಿದರೆ ಲೆಕ್ಕ ಕೈಬಿಟ್ಟು ಬರೀ ಊಹೆ ಉಳಿಯುತ್ತದೆ. ಡ್ಯೂಯಿ ಜತೆ ಉಪಾಧ್ಯಕ್ಷ ಸ್ಥಾನಕ್ಕೆ ನಿಂತಿದ್ದವರು ಅರ್ಲ್ ವಾರೆನ್. ಅವರು 1953ರಲ್ಲಿ ಮುಖ್ಯ ನ್ಯಾಯಮೂರ್ತಿಯಾಗಿ, ಮರುವರ್ಷ ಶಾಲೆಗಳಲ್ಲಿ ವರ್ಣದ ಆಧಾರದ ಮೇಲೆ ಮಕ್ಕಳನ್ನು ಬೇರ್ಪಡಿಸುವುದು ಸಂವಿಧಾನಬಾಹಿರ ಎಂಬ ತೀರ್ಪು ಕೊಟ್ಟ ಪೀಠದಲ್ಲಿದ್ದರು. ಆ ತೀರ್ಪನ್ನು ಆಟಕ್ಕೆ ಎಳೆದು ತರಲು ನನಗೆ ಮನಸ್ಸಿಲ್ಲ. ಹಾಗೆಯೇ 1912ರಲ್ಲಿ, ಟೈಟಾನಿಕ್ ಹಡಗಿನವರೆಲ್ಲ ಬದುಕಿದರು ಎಂದು ಅಚ್ಚಾದ ತಲೆಬರಹವನ್ನೂ ಮುಟ್ಟಬಾರದು. ಸುಮಾರು 1,500 ಜನ ಸತ್ತ ಕಡೆ ನಗುವಿಗೆ ಜಾಗವಿಲ್ಲ.

ಮುಟ್ಟಬಹುದಾದ ಇನ್ನೊಂದಿದೆ. 1920ರ ಜನವರಿ 12ರಂದು ‘ನ್ಯೂಯಾರ್ಕ್ ಟೈಮ್ಸ್’, ರಾಕೆಟ್ ಚಂದ್ರನನ್ನು ಮುಟ್ಟಬಲ್ಲದು ಎಂಬ ರಾಕೆಟ್ ವಿಜ್ಞಾನಿ ರಾಬರ್ಟ್ ಗೊಡಾರ್ಡ್ ಅವರ ನಂಬಿಕೆಯನ್ನು ಸುದ್ದಿ ಮಾಡಿತು. ಮರುದಿನವೇ ಅದರ ಸಂಪಾದಕೀಯ ಪುಟ, ಗಾಳಿಯಿಲ್ಲದ ಕಡೆ ರಾಕೆಟ್ಟಿಗೆ ಒದೆಯಲು ಏನೂ ಸಿಗುವುದಿಲ್ಲ ಎಂದು ಟೀಕಿಸಿತು. ರಾಕೆಟ್ ಒದೆಯುವುದು ಗಾಳಿಯನ್ನಲ್ಲ, ತನ್ನಿಂದಲೇ ಹೊರಡುವ ಅನಿಲವನ್ನು. ಪತ್ರಿಕೆ ತಪ್ಪೊಪ್ಪಿಕೊಂಡದ್ದು ಅಪೊಲೊ 11 ಹಾರಿದ ಮರುದಿನ, 1969ರ ಜುಲೈ 17ರಂದು.

ಪತ್ರಿಕೆಯ ಮಾತೇ ನಿಜವಾಗಿದ್ದರೆ? ಅಪೊಲೊದ ಮೊದಲ ಹಂತ ಸುಮಾರು 2 ನಿಮಿಷ 40 ಸೆಕೆಂಡಿಗೆ, ಸುಮಾರು 67 ಕಿಲೋಮೀಟರ್ ಎತ್ತರದಲ್ಲಿ ಆರಿತು. ಅಲ್ಲಿ ಗಾಳಿ ಇಲ್ಲವೆನ್ನುವಷ್ಟು ತೆಳು. ಎರಡನೇ ಹಂತದ ಐದು ಎಂಜಿನ್‌ಗಳು ಹೊತ್ತಿಕೊಂಡರೂ ಪ್ರಯೋಜನವಿಲ್ಲ. ಆರ್ಮ್‌ಸ್ಟ್ರಾಂಗ್, ಆಲ್ಡ್ರಿನ್, ಕಾಲಿನ್ಸ್ ಮೂವರೂ ಪ್ಯಾರಾಚೂಟಿನಲ್ಲಿ ಅಟ್ಲಾಂಟಿಕ್ ಸಾಗರಕ್ಕೆ ಇಳಿಯುತ್ತಾರೆ. ಚಂದ್ರನಿಂದ ಬರುವವರನ್ನು ಎತ್ತಿಕೊಳ್ಳಲು ನೇಮಿಸಿದ್ದ ‘ಹಾರ್ನೆಟ್’ ಹಡಗಿನ ಪಾಲಿನ ಸಾಗರವೋ ಪೆಸಿಫಿಕ್.